ಕಟ್ಟಡ ಕಟ್ಟುವ ಮುನ್ನ: ವಿಶ್ವವಿದ್ಯಾಲಯಗಳ ಇಂಧನ ಉಳಿತಾಯದಿಂದ ನಮಗೆ ಕೆಲವು ಪಾಠಗಳು

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮಂಥ ವೈದ್ಯರನ್ನು ವೇದಿಕೆಗೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಬಗ್ಗೆ ಮಾತಾಡುತ್ತೇವೆಂದು ಎಲ್ಲರೂ ಎದುರು ನೋಡುತ್ತಾರೆ. ಇನ್ನು ಒಂದು ಗಂಟೆಯಲ್ಲಿ ತುಪ್ಪ ಹಾಕಿದ ಹೋಳಿಗೆಯ ಊಟ ಇರುವಾಗ ಆ ವಿಷಯ ಎತ್ತುವುದು ಧರ್ಮವಲ್ಲವೆಂದು ನಾವು ಬೇರೊಂದು ವಿಷಯ ಆರಿಸಿಕೊಂಡಿದ್ದೇವೆ. ಅದು ವಿಶ್ವವಿದ್ಯಾಲಯಗಳು ತಮ್ಮ ಅಂಗಳದಲ್ಲಿ ಇಂಧನ ಉಳಿಸಲು ಮಾಡಿರುವ ಕೆಲಸಗಳ ಕಥೆ.

ಈ ವಿಷಯ ಈ ದಿನವೇ ಏಕೆ ಎಂದು ಕೇಳಬಹುದು. ಸಂಘಕ್ಕೆ ಸ್ವಂತ ಕಟ್ಟಡ ಬೇಕೆಂಬ ಪ್ರಸ್ತಾಪ ನಮ್ಮೆಲ್ಲರ ಮುಂದಿದೆ. ವೇದಿಕೆ ಎಷ್ಟು ಅಗಲ ಇರಬೇಕು, ಅಡುಗೆಮನೆಯಲ್ಲಿ ಎಷ್ಟು ಒಲೆ ಬೇಕು, ಮುಂಬಾಗಿಲಿಗೆ ಹೊಯ್ಸಳ ಶೈಲಿಯ ಕಮಾನು ಬೇಕೇ ಬೇಡವೇ ಎಂದು ಬಿಸಿಬಿಸಿ ಚರ್ಚೆ ನಡೆದಿದೆ. ಆದರೆ ಆ ಕಟ್ಟಡವನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಹೇಗೆ, ಅದಕ್ಕೆ ತಿಂಗಳು ತಿಂಗಳು ದುಡ್ಡು ಕೊಡುವವರು ಯಾರು ಎಂಬ ಪ್ರಶ್ನೆ ಅಂದಾಜುಪಟ್ಟಿಯ ಕೊನೆಯ ಸಾಲಿನಲ್ಲಿ 'ಇತರೆ' ಎಂಬ ತಲೆಬರಹದಡಿ ಕುಳಿತಿದೆ. ಕಮಾನು ಒಮ್ಮೆ ಕಟ್ಟಿದರೆ ಮುಗಿಯಿತು. ಇಂಧನದ ಬಿಲ್ಲು ಮಾತ್ರ ಕಟ್ಟಡ ಇರುವವರೆಗೂ ಬರುತ್ತಲೇ ಇರುತ್ತದೆ. ಆ ಬಿಲ್ಲು ಭಾರವಾದ ದಿನ ಖರ್ಚು ಕಡಿಮೆ ಮಾಡಲು ನಾವು ಮೊದಲು ನಿಲ್ಲಿಸುವುದು ಯಾವುದನ್ನು? ಯುಗಾದಿ, ದೀಪಾವಳಿಯ ಸಮಾರಂಭಗಳನ್ನಲ್ಲ. ಭಾನುವಾರ ಬೆಳಿಗ್ಗೆ ಇಪ್ಪತ್ತು ಮಕ್ಕಳಿಗಾಗಿ ನಡೆಯುವ ಕನ್ನಡ ತರಗತಿಯನ್ನು. ಈ ಮಾತಿಗೆ ಇಷ್ಟು ಮಹತ್ವ ಕೊಟ್ಟಿರುವುದು ಅದಕ್ಕಾಗಿ.

ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಇಲ್ಲಿ ರೆಸಿಡೆನ್ಸಿ ಮಾಡಿ, ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ಹಗಲು ರಾತ್ರಿ ಕಳೆದವರು ನಾವು. ನಮ್ಮ ಮನೆಗಳ ಮಕ್ಕಳು ಓದುವುದೂ ಇಂಥ ಅಂಗಳಗಳಲ್ಲೇ. ಒಂದು ದೊಡ್ಡ ವಿಶ್ವವಿದ್ಯಾಲಯವೆಂದರೆ ಒಂದು ಊರೇ ಸರಿ. ವಸತಿ, ಅಡುಗೆಮನೆ, ಪ್ರಯೋಗಶಾಲೆ, ಆಸ್ಪತ್ರೆ, ಆಟದ ಮನೆ ಎಲ್ಲವೂ ಅಲ್ಲಿ ಒಬ್ಬನೇ ಯಜಮಾನನ ಕೆಳಗಿರುತ್ತವೆ. ಆ ಯಜಮಾನ ಮುಂದಿನ ಐವತ್ತು ವರ್ಷವೂ ಅಲ್ಲೇ ಇರುವವನು. ಆದ್ದರಿಂದ ಈ ವರ್ಷ ಹಾಕಿದ ಹಣ ಹದಿನೈದು ವರ್ಷದ ಮೇಲೆ ವಾಪಸು ಬಂದರೂ ಅವನಿಗೆ ನಷ್ಟವಿಲ್ಲ. ನಮ್ಮ ಸಂಘವೂ ಅಂಥ ಯಜಮಾನನೇ ಅಲ್ಲವೇ?

ಮೊದಲು ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯವನ್ನು ನೋಡೋಣ. ಅದು ಬೆಟ್ಟದ ಮೇಲಿದೆ. ಪಕ್ಕದ ಕಮರಿಯಲ್ಲಿ ಫಾಲ್ ಕ್ರೀಕ್ ಎಂಬ ಹೊಳೆ ಧುಮುಕುತ್ತದೆ. 1904ರಲ್ಲಿ ಅಲ್ಲಿ ಒಂದು ಸಣ್ಣ ಜಲವಿದ್ಯುತ್ ಕೇಂದ್ರ ಕಟ್ಟಿದರು. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದದ್ದು 1902ರಲ್ಲಿ, ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದು 1905ರಲ್ಲಿ. ಎರಡು ದೂರದ ಊರುಗಳು ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಬೀಳುವ ನೀರಿನ ಬೆಲೆ ಕಂಡುಕೊಂಡಿದ್ದವು. ಕಾರ್ನೆಲ್‌ನ ಆ ಕೇಂದ್ರ ನಡುವೆ ನಿಂತುಹೋಗಿತ್ತು. 1981ರಲ್ಲಿ ಅದನ್ನು ದುರಸ್ತಿ ಮಾಡಿ ಮತ್ತೆ ನಡೆಸತೊಡಗಿದರು.

ನಾವು ಹೇಳಹೊರಟಿರುವ ಮುಖ್ಯ ಕೆಲಸ 2000ದ ಜುಲೈನಲ್ಲಿ ಆರಂಭವಾಯಿತು. ಬೆಟ್ಟದ ಕೆಳಗೆ ಕಯೂಗ ಎಂಬ ಉದ್ದನೆಯ ಸರೋವರವಿದೆ. ಅದರ ಅತಿ ಆಳದ ಜಾಗ ನಾನೂರು ಅಡಿಗೂ ಹೆಚ್ಚು. ನೀರಿಗೆ ಒಂದು ವಿಚಿತ್ರ ಗುಣವಿದೆ. ಅದು ಅತಿ ಭಾರವಾಗಿರುವುದು ಹೆಪ್ಪುಗಟ್ಟುವಾಗ ಅಲ್ಲ, 4 ಡಿಗ್ರಿ ಸೆಲ್ಸಿಯಸ್, ಅಂದರೆ 39 ಡಿಗ್ರಿ ಫ್ಯಾರನ್‌ಹೀಟ್ ಇರುವಾಗ. ಆದ್ದರಿಂದ ಚಳಿಗಾಲದಲ್ಲಿ ತಣ್ಣಗಾದ ನೀರು ಕೆಳಗಿಳಿದು ತಳದಲ್ಲಿ ಕೂಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮೇಲಿನ ನೀರು ಈಜುವಷ್ಟು ಬೆಚ್ಚಗಾದರೂ ತಳದ ನೀರು ಹಾಗೇ ತಣ್ಣಗಿರುತ್ತದೆ. ಪ್ರಕೃತಿ ಪ್ರತಿ ವರ್ಷ ಬಿಟ್ಟಿಯಾಗಿ ತುಂಬಿಕೊಡುವ ತಂಪಿನ ಕಣಜ ಅದು.

ಕಾರ್ನೆಲ್ ಮಾಡಿದ್ದು ಇಷ್ಟೇ. 250 ಅಡಿ ಆಳಕ್ಕೆ ಐದಡಿಗೂ ಮೀರಿದ ಅಗಲದ, ಸುಮಾರು ಎರಡು ಮೈಲಿ ಉದ್ದದ ಕೊಳವೆ ಇಳಿಬಿಟ್ಟು ಆ ತಣ್ಣೀರನ್ನು ದಡದ ಒಂದು ಕಟ್ಟಡಕ್ಕೆ ತಂದರು. ಬೆಟ್ಟದ ಮೇಲಿನ ಕಟ್ಟಡಗಳಲ್ಲಿ ಸುತ್ತಿ ಬೆಚ್ಚಗಾಗಿ ಬರುವ ನೀರಿನದು ಬೇರೆಯೇ ಕೊಳವೆ. ಎರಡೂ ನೀರು ತೆಳುವಾದ ಲೋಹದ ಹಾಳೆಗಳ ಆಚೆ ಈಚೆ ಹರಿಯುತ್ತವೆ. ಶಾಖ ದಾಟುತ್ತದೆ, ನೀರು ಬೆರೆಯುವುದಿಲ್ಲ. ತಾಯಿಯ ರಕ್ತ ಮತ್ತು ಗರ್ಭದಲ್ಲಿರುವ ಮಗುವಿನ ರಕ್ತ ಬೆರೆಯದೆಯೇ ಪ್ರಾಣವಾಯು ದಾಟುವುದನ್ನು ಓದಿದ ನಮಗೆ ಇದು ಹೊಸದೇನಲ್ಲ. ಸರೋವರದ ನೀರು ಮತ್ತೆ ಸರೋವರಕ್ಕೇ ಹೋಗುತ್ತದೆ. ಮುಂಚೆ ತಂಪು ಮಾಡಲು ದೊಡ್ಡ ಚಿಲ್ಲರ್ ಯಂತ್ರಗಳು ಬೇಕಿದ್ದವು. ಈಗ ಬಹುಪಾಲು ಪಂಪುಗಳು ಸಾಕು. ತಂಪಿಗಾಗಿ ಸುಡುತ್ತಿದ್ದ ವಿದ್ಯುತ್ತಿನಲ್ಲಿ ಸುಮಾರು ಶೇಕಡ 86ರಷ್ಟು ಉಳಿಯಿತು. ಊರಿನ ಹೈಸ್ಕೂಲಿಗೂ ಇದೇ ತಂಪು ಹೋಗುತ್ತದೆ.

ಇದಕ್ಕೆ ತಗುಲಿದ ಖರ್ಚು ಸುಮಾರು 5 ಕೋಟಿ 85 ಲಕ್ಷ ಡಾಲರು. ಹೊಸ ಚಿಲ್ಲರ್ ಕೊಂಡಿದ್ದರೆ ಅಷ್ಟು ಖರ್ಚಾಗುತ್ತಿರಲಿಲ್ಲ. ಊರಿನವರಲ್ಲಿ ಅನೇಕರು ವಿರೋಧಿಸಿದರು. ಅವರ ಆತಂಕ ಪೊಳ್ಳಲ್ಲ. ತಳದ ನೀರಿನಲ್ಲಿ ರಂಜಕದ ಅಂಶವಿದೆ, ಅದನ್ನು ತಂದು ದಡದ ಆಳವಿಲ್ಲದ ನೀರಿಗೆ ಬಿಟ್ಟರೆ ಪಾಚಿ ಬೆಳೆಯುತ್ತದೆ ಎಂದು ಅವರ ವಾದ. ಸರೋವರಕ್ಕೆ ಸೇರುವ ಶಾಖ ವರ್ಷಕ್ಕೆ ಕೆಲವೇ ಗಂಟೆಗಳ ಬಿಸಿಲಿನಷ್ಟು ಎಂಬ ಲೆಕ್ಕವನ್ನು ವಿಶ್ವವಿದ್ಯಾಲಯ ಮುಂದಿಟ್ಟಿತು. ಆದರೆ ರಂಜಕದ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ನೀರಿನ ಪರೀಕ್ಷೆ, ಸರಕಾರದ ಪರವಾನಗಿಯ ಷರತ್ತು ಎಂದು ವರ್ಷಗಟ್ಟಲೆ ಮುಂದುವರಿಯಿತು. ಇಂಧನ ಉಳಿಸುವ ಕೆಲಸವೆಂದ ಮಾತ್ರಕ್ಕೆ ಅದು ಪ್ರಶ್ನೆಗೆ ಅತೀತವಲ್ಲ. ಯಾವ ಔಷಧಿಗೂ ಅಡ್ಡ ಪರಿಣಾಮ ಇರುತ್ತದೆ. ಔಷಧಿ ಕೊಟ್ಟವರು ರೋಗಿಯನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿರಬೇಕು.

ಬೇಸಿಗೆಯ ತಂಪಿಗೆ ದಾರಿ ಸಿಕ್ಕಿತು, ಇಥಾಕಾದಂಥ ಹಿಮದ ಊರಿನಲ್ಲಿ ಚಳಿಗಾಲದ ಶಾಖ? ಅಲ್ಲಿ ದಶಕಗಳ ಕಾಲ ಕಲ್ಲಿದ್ದಲು ಸುಟ್ಟು ಹಬೆ ಮಾಡುತ್ತಿದ್ದರು. 2009ರಲ್ಲಿ ಅನಿಲದಿಂದ ವಿದ್ಯುತ್ತು ಮತ್ತು ಹಬೆ ಎರಡನ್ನೂ ಒಟ್ಟಿಗೆ ಮಾಡುವ ಸ್ಥಾವರ ಬಂತು. 2011ರಲ್ಲಿ ಕಲ್ಲಿದ್ದಲು ನಿಂತಿತು. ಮುಂದಿನ ಹೆಜ್ಜೆಯಾಗಿ 2022ರ ಬೇಸಿಗೆಯಲ್ಲಿ ಹೆಚ್ಚುಕಡಿಮೆ ಎರಡು ಮೈಲಿ ಆಳಕ್ಕೆ ಕೊಳವೆಬಾವಿ ಕೊರೆದು ಭೂಮಿಯ ಒಡಲಿನ ಬಿಸಿಯನ್ನು ಅಳೆದರು. ನಮ್ಮೂರಿನಲ್ಲಿ ನೀರಿಗಾಗಿ ಸಾವಿರ ಅಡಿ ಕೊರೆದು ಕೈಚೆಲ್ಲಿದ ರೈತರನ್ನು ಕಂಡಿದ್ದೇವೆ. ಇಲ್ಲಿ ಬರಿಯ ಬಿಸಿಗಾಗಿ ಹತ್ತು ಸಾವಿರ ಅಡಿಯ ಹತ್ತಿರ ಹೋಗಿದ್ದಾರೆ. ಅದು ಪರೀಕ್ಷೆಯ ಬಾವಿ, ಅದರಿಂದ ಇಡೀ ಕ್ಯಾಂಪಸ್ಸನ್ನು ಬೆಚ್ಚಗಿಡುವುದು ಮುಂದಿನ ಮಾತು. 2035ರ ಹೊತ್ತಿಗೆ ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರಬೇಕೆಂಬುದು ಕಾರ್ನೆಲ್‌ನ ಗುರಿ.

ಇನ್ನೊಂದು ಉದಾಹರಣೆ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್. ಅಲ್ಲಿ ಆಳದ ಸರೋವರವಿಲ್ಲ. ಅಲ್ಲಿನ ಎಂಜಿನಿಯರುಗಳು ಸರೋವರದ ಬದಲು ಲೆಕ್ಕದ ಪುಸ್ತಕ ನೋಡಿದರು. ಗಂಟೆ ಗಂಟೆಯ ಲೆಕ್ಕ ತೆಗೆದಾಗ ಕಂಡದ್ದೇನು? ಒಂದೇ ಹೊತ್ತಿನಲ್ಲಿ ಕೆಲವು ಕಟ್ಟಡಗಳಿಂದ ಶಾಖ ತೆಗೆದು ಕೂಲಿಂಗ್ ಟವರುಗಳ ಮೂಲಕ ಆಕಾಶಕ್ಕೆ ಬಿಡುತ್ತಿದ್ದರು, ಇನ್ನು ಕೆಲವು ಕಟ್ಟಡಗಳಿಗೆ ಶಾಖ ಕೊಡಲು ಅನಿಲ ಸುಡುತ್ತಿದ್ದರು! ಒಂದು ಕೋಣೆಯಿಂದ ಅಕ್ಕಿ ತೆಗೆದು ಬೀದಿಗೆ ಚೆಲ್ಲಿ, ಇನ್ನೊಂದು ಕೋಣೆಗೆ ಅಂಗಡಿಯಿಂದ ಅಕ್ಕಿ ತಂದಂತೆ. 2015ರಲ್ಲಿ ಅವರು ಹಳೆಯ ಅನಿಲದ ಸ್ಥಾವರವನ್ನು ಮುಚ್ಚಿ, ಹಬೆಯ ಕೊಳವೆಗಳ ಜಾಗಕ್ಕೆ ಇಪ್ಪತ್ತು ಮೈಲಿಗೂ ಮೇಲೆ ಬಿಸಿನೀರಿನ ಕೊಳವೆ ಹಾಕಿದರು. ತಂಪು ಮಾಡುವಾಗ ಸಿಕ್ಕ ಶಾಖವನ್ನು ಹಿಡಿದು ಬೆಚ್ಚಗೆ ಮಾಡಲು ಬಳಸುವ ವ್ಯವಸ್ಥೆ ತಂದರು. ಮನೆಯ ಫ್ರಿಜ್ಜಿನ ಹಿಂಭಾಗ ಮುಟ್ಟಿ ನೋಡಿದವರಿಗೆ ಇದರ ಗುಟ್ಟು ಗೊತ್ತು. ಒಳಗೆ ತಣ್ಣಗೆ, ಹಿಂದೆ ಬಿಸಿ. ಆ ಹಿಂದಿನ ಬಿಸಿಯನ್ನು ಅವರು ಬಿಡಲಿಲ್ಲ, ಅಷ್ಟೇ.

ಈ ಯೋಜನೆಗೆ 48 ಕೋಟಿ 50 ಲಕ್ಷ ಡಾಲರು ತಗುಲಿತು. ಇದಕ್ಕೆ ಸೌರವಿದ್ಯುತ್ತು ಸೇರಿ ಕ್ಯಾಂಪಸ್ಸಿನ ಇಂಗಾಲದ ಹೊಗೆ ಮೂರರಲ್ಲಿ ಎರಡು ಭಾಗದಷ್ಟು ಇಳಿಯಿತು. ಟವರುಗಳಲ್ಲಿ ಆವಿಯಾಗಿ ಹೋಗುತ್ತಿದ್ದ ನೀರೂ ಉಳಿಯಿತು. ಬರಗಾಲದ ಕ್ಯಾಲಿಫೋರ್ನಿಯದಲ್ಲಿ ಅದು ಸಣ್ಣ ಲಾಭವಲ್ಲ. 2022ರಲ್ಲಿ ಎರಡನೆಯ ಸೌರ ಸ್ಥಾವರ ಮುಗಿದ ಮೇಲೆ ತನ್ನ ವಿದ್ಯುತ್ತಿನಷ್ಟನ್ನೂ ಸೂರ್ಯನಂಥ ಮುಗಿಯದ ಮೂಲಗಳಿಂದ ಪಡೆಯುವ ಮಟ್ಟಕ್ಕೆ ಸ್ಟ್ಯಾನ್‌ಫರ್ಡ್ ಬಂತು.

ಇವೆಲ್ಲ ಕೋಟಿಗಳ ಮಾತು. ಈಗ ಕಟ್ಟಡದ ಒಳಗೆ ಬರೋಣ. ರಸಾಯನಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ಫ್ಯೂಮ್ ಹುಡ್ ಎಂಬ ಗಾಜಿನ ಬಾಗಿಲಿನ ಪೆಟ್ಟಿಗೆ ಇರುತ್ತದೆ. ವಿಷದ ಹೊಗೆಯನ್ನು ಅದು ಎಳೆದು ಹೊರಗೆ ಕಳಿಸುತ್ತದೆ. ಹೊಗೆಯ ಜೊತೆಗೆ ದುಡ್ಡು ಕೊಟ್ಟು ಬೆಚ್ಚಗೆ ಮಾಡಿದ ಕೋಣೆಯ ಗಾಳಿಯೂ ಹೊರಗೆ ಹೋಗುತ್ತದೆ. ಬಾಗಿಲು ತೆರೆದಿಟ್ಟ ಒಂದು ಹುಡ್ ವರ್ಷಕ್ಕೆ ಮೂರು ಮನೆಗಳಷ್ಟು ಇಂಧನ ನುಂಗುತ್ತದೆಂದು ಅಂದಾಜು. ಹಾರ್ವರ್ಡ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೆಲಸವಿಲ್ಲದಾಗ ಬಾಗಿಲು ಇಳಿಸಿ ಎಂದು ವಿದ್ಯಾರ್ಥಿಗಳ ನಡುವೆ ಸ್ಪರ್ಧೆ ಇಟ್ಟರು. ಬರಿಯ ಬಾಗಿಲು ಇಳಿಸಿದ್ದರಿಂದ ವರ್ಷಕ್ಕೆ ಎರಡು ಲಕ್ಷ ಡಾಲರಿಗೂ ಹೆಚ್ಚು ಉಳಿಯಿತು. ಹಾಗೆಯೇ ಜೀವಕೋಶಗಳನ್ನು ಕಾದಿಡುವ ಫ್ರೀಜರುಗಳು. ಶೂನ್ಯಕ್ಕಿಂತ 80 ಡಿಗ್ರಿ ಕೆಳಗೆ ಓಡುವ ಹಳೆಯ ಫ್ರೀಜರೊಂದು ಹೆಚ್ಚುಕಡಿಮೆ ಒಂದು ಮನೆಯಷ್ಟು ವಿದ್ಯುತ್ತು ತಿನ್ನುತ್ತದೆ. ಅದನ್ನು 70ಕ್ಕೆ ಇಟ್ಟರೆ ಹೆಚ್ಚಿನ ಮಾದರಿಗಳಿಗೆ ತೊಂದರೆ ಇಲ್ಲ, ವಿದ್ಯುತ್ತಿನಲ್ಲಿ ಶೇಕಡ 30ರವರೆಗೆ ಉಳಿತಾಯ.

ಇನ್ನು ನಮ್ಮದೇ ಆಸ್ಪತ್ರೆಯ ಮಾತು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಗಂಟೆಗೆ ಇಪ್ಪತ್ತು ಸಲ ಗಾಳಿ ಬದಲಾಗಬೇಕೆಂಬ ನಿಯಮವಿದೆ. ರೋಗಿ ಮೇಜಿನ ಮೇಲಿರುವಾಗ ಅದರಲ್ಲಿ ರಾಜಿ ಇಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಖಾಲಿ ಬಿದ್ದ ಕೋಣೆಯಲ್ಲಿ? ಒಳಗಿನ ಗಾಳಿಯ ಒತ್ತಡ ಕಾಪಾಡಿಕೊಂಡು ವೇಗ ತಗ್ಗಿಸಬಹುದು. ಎಷ್ಟೋ ಆಸ್ಪತ್ರೆಗಳು ಹಾಗೆ ಮಾಡಿ ಹಣ ಉಳಿಸಿವೆ. ಪ್ರಜ್ಞೆ ತಪ್ಪಿಸುವ ಅನಿಲಗಳದು ಮತ್ತೊಂದು ಕಥೆ. ಡೆಸ್‌ಫ್ಲುರೇನ್ ಎಂಬುದು ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 2,500 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ರೋಗಿಯ ದೇಹ ಅದನ್ನು ಹೆಚ್ಚುಕಡಿಮೆ ಹಾಗೇ ಹೊರಬಿಡುತ್ತದೆ, ಅದು ನೇರ ಆಕಾಶಕ್ಕೆ. ಬಹುಪಾಲು ರೋಗಿಗಳಿಗೆ ಅದರ ಬದಲು ಸೆವೊಫ್ಲುರೇನ್ ಸಾಕು, ಅದರ ದೋಷ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಸ್ಕಾಟ್‌ಲೆಂಡ್ 2023ರಲ್ಲಿ ಡೆಸ್‌ಫ್ಲುರೇನ್ ಬಳಕೆ ನಿಲ್ಲಿಸಿತು. ಯೂರೋಪಿನ ಒಕ್ಕೂಟ 2026ರ ಜನವರಿಯಿಂದ, ವೈದ್ಯಕೀಯವಾಗಿ ಅನಿವಾರ್ಯವಾದಲ್ಲಿ ಬಿಟ್ಟು, ಅದನ್ನು ನಿಷೇಧಿಸಿದೆ. ನೈಟ್ರಸ್ ಆಕ್ಸೈಡ್ ಅನಿಲ ಗೋಡೆಯೊಳಗಿನ ಕೊಳವೆಗಳಲ್ಲಿ ಬರುವ ಆಸ್ಪತ್ರೆಗಳಲ್ಲಿ ಅಳೆದು ನೋಡಿದಾಗ, ಕೊಂಡದ್ದರಲ್ಲಿ ಬಹುಪಾಲು ರೋಗಿಯನ್ನು ಮುಟ್ಟುವ ಮೊದಲೇ ಸೋರಿಹೋಗುತ್ತಿತ್ತು. ಕೊಳವೆ ಮುಚ್ಚಿ ಸಣ್ಣ ಸಿಲಿಂಡರು ಇಟ್ಟರು. ಯಾವ ರೋಗಿಗೂ ಕೊರತೆಯಾಗಲಿಲ್ಲ.

ಈ ಉದಾಹರಣೆಗಳಲ್ಲಿ ಒಂದು ಸಮಾನ ಅಂಶವಿದೆ. ಬಾಗಿಲು ತೆರೆದಿಟ್ಟ ವಿದ್ಯಾರ್ಥಿ ಕೆಟ್ಟವನಲ್ಲ, ಅನಿಲ ಹರಿಸಿದ ವೈದ್ಯೆ ಅಜಾಗರೂಕಳಲ್ಲ. ಅವರ ಕಣ್ಣಿಗೆ ಬಿಲ್ಲು ಬೀಳುತ್ತಿರಲಿಲ್ಲ, ಅಷ್ಟೇ. ಬಳಸುವವರು ಒಬ್ಬರು, ಕೊಡುವವರು ಇನ್ನೊಬ್ಬರು. ಓಹಾಯೊ ರಾಜ್ಯದ ಓಬರ್ಲಿನ್ ಕಾಲೇಜಿನಲ್ಲಿ 2005ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ವಿದ್ಯಾರ್ಥಿ ನಿಲಯಗಳ ನಡುವೆ ಎರಡು ವಾರದ ಸ್ಪರ್ಧೆ. ತಮ್ಮ ನಿಲಯ ಎಷ್ಟು ವಿದ್ಯುತ್ತು ಬಳಸುತ್ತಿದೆ ಎಂಬುದು ವಿದ್ಯಾರ್ಥಿಗಳಿಗೆ ಕಾಣುವಂತೆ ಮಾಡಿದರು. ಒಟ್ಟು ಬಳಕೆ ಶೇಕಡ 32ರಷ್ಟು ಇಳಿಯಿತು. ಕ್ಷಣ ಕ್ಷಣದ ಲೆಕ್ಕ ಕಂಡ ನಿಲಯಗಳಲ್ಲಿ ಶೇಕಡ 55, ವಾರಕ್ಕೊಮ್ಮೆ ಕಂಡ ನಿಲಯಗಳಲ್ಲಿ ಶೇಕಡ 31. ಸಕ್ಕರೆ ಕಾಯಿಲೆಯವರು ಮನೆಯಲ್ಲೇ ರಕ್ತ ಪರೀಕ್ಷೆ ಮಾಡಿಕೊಳ್ಳಲು ಶುರುಮಾಡಿದ ಮೇಲೆ ಎರಡನೆಯ ಜಾಮೂನಿಗೆ ಕೈ ಹಾಕುವ ಮುನ್ನ ಯೋಚಿಸುವುದನ್ನು ನಾವು ದಿನವೂ ನೋಡುತ್ತೇವೆ. ನಾವು ಮಾಡಿದ ಉಪದೇಶ ಸಾಧಿಸದ್ದನ್ನು ಕಣ್ಣಿಗೆ ಕಂಡ ಅಂಕಿ ಸಾಧಿಸುತ್ತದೆ.

ಹಣದ ವಿಷಯದಲ್ಲೂ ಒಂದು ಒಳ್ಳೆಯ ಪದ್ಧತಿ ಇದೆ. ಹಾರ್ವರ್ಡ್‌ನಲ್ಲಿ 2001ರಿಂದ ಒಂದು ಸುತ್ತುನಿಧಿ ನಡೆಯಿತು. ಇಂಧನ ಉಳಿಸುವ ಕೆಲಸಕ್ಕೆ ವಿಭಾಗಗಳು ಅದರಿಂದ ಬಡ್ಡಿಯಿಲ್ಲದ ಸಾಲ ತೆಗೆದುಕೊಳ್ಳಬಹುದು. ಬಿಲ್ಲಿನಲ್ಲಿ ಉಳಿದ ಹಣದಿಂದಲೇ ಸಾಲ ತೀರಿಸಬೇಕು. ತೀರಿಸಿದ ಹಣ ಮುಂದಿನವರ ಕೆಲಸಕ್ಕೆ. ನಮ್ಮ ಅಮ್ಮಂದಿರು ನಡೆಸುತ್ತಿದ್ದ ಚೀಟಿಯ ನೆನಪಾಗುತ್ತದೆ. ಅದೇ ಹಣ ಕೈಯಿಂದ ಕೈಗೆ ಸುತ್ತಿ ಒಬ್ಬರ ಮನೆಗೆ ಮಿಕ್ಸಿ, ಇನ್ನೊಬ್ಬರ ಮನೆಗೆ ಹೊಲಿಗೆ ಯಂತ್ರ ತರುತ್ತಿತ್ತು.

ಇದೆಲ್ಲ ಸಿರಿವಂತ ದೇಶದ ವಿದ್ಯೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಬೆಂಗಳೂರಿನಲ್ಲಿ ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರ ಶುರುಮಾಡಿದರು. ಹಳ್ಳಿಯವರಿಗೆ ವಿಜ್ಞಾನ ಒದಗಿಸುವುದು ಅದರ ಉದ್ದೇಶ. ಕಡಿಮೆ ಸೌದೆಯಲ್ಲಿ ಹೆಚ್ಚು ಬೇಯಿಸುವ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ 'ಅಸ್ತ್ರ ಒಲೆ' ಅಲ್ಲಿಂದ ಬಂತು. ಹೊಗೆಯಲ್ಲಿ ಕೆಮ್ಮುತ್ತಾ ಅಡುಗೆ ಮಾಡಿದ ಅಜ್ಜಿಯರ ಶ್ವಾಸಕೋಶ ಕೇಳಿದ ವೈದ್ಯರಿಗೆ ಆ ಒಲೆಯ ಬೆಲೆ ಗೊತ್ತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಗಣಿಯ ಗೋಬರ್ ಗ್ಯಾಸಿನಿಂದ ಎಲ್ಲರ ಅಡುಗೆ ನಡೆಸಬೇಕೆಂದು ಅವರು ಹೊರಟರು. ಅನಿಲ ಸಾಲಲಿಲ್ಲ. ಆಮೇಲೆ ಹಳ್ಳಿಯವರಿಗೆ ಮೊದಲು ಬೇಕಾದದ್ದು ಏನೆಂದು ನೋಡಿದರೆ, ಕುಡಿಯುವ ನೀರು! 1987ರಿಂದ ಅದೇ ಅನಿಲದಲ್ಲಿ ಎಂಜಿನ್ ಓಡಿಸಿ ನೀರೆತ್ತಿ ಮನೆಮನೆಗೆ ನಲ್ಲಿ ಕೊಟ್ಟರು, ದೀಪ ಹಚ್ಚಿದರು.

ಅಮೂಲ್ಯ ರೆಡ್ಡಿಯವರು 2006ರಲ್ಲಿ ತೀರಿಕೊಂಡರು. ಅವರು ಜೀವನವಿಡೀ ಸಾರಿದ ತತ್ತ್ವ ಸರಳವಾದದ್ದು. ಜನರಿಗೆ ಬೇಕಾದದ್ದು ವಿದ್ಯುತ್ತೂ ಅಲ್ಲ, ಅನಿಲವೂ ಅಲ್ಲ. ಬೇಕಾದದ್ದು ಬೆಳಕು, ಬೆಂದ ಅನ್ನ, ನೀರು, ಬೆಚ್ಚಗಿನ ಕೋಣೆ. ಅದನ್ನು ಅತಿ ಕಡಿಮೆ ಇಂಧನದಲ್ಲಿ ಕೊಡುವುದು ಹೇಗೆಂದು ಕೇಳಬೇಕು. ಕರ್ನಾಟಕದ ವಿದ್ಯುತ್ ಯೋಜನೆಗೇ ಈ ಪ್ರಶ್ನೆ ಹಾಕಿ, ಸರಕಾರ ಅಂದಾಜು ಮಾಡಿದ್ದಕ್ಕಿಂತ ಬಹಳ ಕಡಿಮೆ ವಿದ್ಯುತ್ತಿನಲ್ಲಿ ರಾಜ್ಯದ ಅಗತ್ಯ ಪೂರೈಸಬಹುದೆಂದು ಅವರೂ ಅವರ ಸಹೋದ್ಯೋಗಿಗಳೂ ಲೆಕ್ಕ ತೋರಿಸಿದ್ದರು. ನಾವು ನಮ್ಮ ಕಟ್ಟಡಕ್ಕೂ ಇದೇ ಪ್ರಶ್ನೆ ಹಾಕೋಣ.

ನಮ್ಮ ಕಟ್ಟಡದಲ್ಲಿ ನಡೆಯುವುದು ಏನು? ವರ್ಷಕ್ಕೆ ಏಳೆಂಟು ದಿನ ಮುನ್ನೂರು ಜನ ಸೇರುತ್ತೇವೆ. ಉಳಿದ ದಿನಗಳಲ್ಲಿ ಇಪ್ಪತ್ತು ಮಕ್ಕಳ ತರಗತಿ, ಹತ್ತು ಹಿರಿಯರ ಭಜನೆ, ಸಮಿತಿಯ ಸಭೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ದೇಹ ಸುಮಾರು 100 ವಾಟ್ ಶಾಖ ಬಿಡುತ್ತದೆ. ಮುನ್ನೂರು ಜನರೆಂದರೆ 30 ಕಿಲೋವಾಟ್! ಮಕ್ಕಳು ಕೋಲಾಟ ಶುರುಮಾಡಿದರೆ ಇನ್ನೂ ಹೆಚ್ಚು. ತುಂಬಿದ ಸಭೆಯನ್ನು ಬೆಚ್ಚಗೆ ಮಾಡುವುದು ನಾವೇ, ಯಂತ್ರವಲ್ಲ. ಕಷ್ಟವಿರುವುದು ಆ ಇಪ್ಪತ್ತು ಮಕ್ಕಳಿಗಾಗಿ ಮುನ್ನೂರು ಜನರ ಸಭಾಂಗಣವನ್ನು ಬಿಸಿ ಮಾಡುವುದರಲ್ಲಿ. ಆದ್ದರಿಂದ ನಮ್ಮ ಮೊದಲನೆಯ ಸಲಹೆ: ತರಗತಿಯ ಕೋಣೆಗಳಿಗೂ ಸಭಾಂಗಣಕ್ಕೂ ಬೇರೆ ಬೇರೆ ಶಾಖ ವ್ಯವಸ್ಥೆ, ಬೇರೆ ಬೇರೆ ಥರ್ಮೋಸ್ಟಾಟ್, ನಡುವೆ ಗಟ್ಟಿ ಬಾಗಿಲು.

ಎರಡನೆಯದು, ಯಂತ್ರ ಕೊಳ್ಳುವ ಮೊದಲು ಗೋಡೆ, ಸೂರು, ಕಿಟಕಿಗಳ ಸೋರಿಕೆ ಅಳೆಸಬೇಕು. ರೋಗ ಪತ್ತೆ ಮಾಡದೆ ಔಷಧಿ ಬರೆಯುವ ವೈದ್ಯರ ಹತ್ತಿರ ನೀವು ಹೋಗುತ್ತೀರಾ? ಸೋರಿಕೆ ಮುಚ್ಚಿ, ಸೂರಿಗೆ ದಪ್ಪ ಇನ್ಸುಲೇಷನ್ ಹಾಕಿದ ಮೇಲೆ ಸಣ್ಣ ಯಂತ್ರ ಸಾಕಾಗುತ್ತದೆ. ಹೊಸ ಹೀಟ್ ಪಂಪುಗಳು ಹಿಮದ ಊರುಗಳಲ್ಲೂ ಕೆಲಸ ಮಾಡುತ್ತವೆ. ಬೇಸಿಗೆಗೆ ತಂಪು, ಚಳಿಗೆ ಶಾಖ, ಎರಡಕ್ಕೂ ಒಂದೇ ಯಂತ್ರ.

ಮೂರನೆಯದು ಅಡುಗೆಮನೆ. ಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಅಮೆರಿಕದ ಯಾವ ಎಂಜಿನಿಯರೂ ಲೆಕ್ಕ ಹಾಕಿರುವುದಿಲ್ಲ! ನಮಗೆ ದೊಡ್ಡ ಎಕ್ಸಾಸ್ಟ್ ಬೇಕೇ ಬೇಕು. ಆದರೆ ಅದು ಆ ಫ್ಯೂಮ್ ಹುಡ್ಡಿನ ಅಣ್ಣ. ಒಗ್ಗರಣೆಯ ಹೊತ್ತಿಗೆ ಜೋರಾಗಿ, ಅನ್ನ ಬಡಿಸುವ ಹೊತ್ತಿಗೆ ನಿಧಾನವಾಗಿ ಓಡುವಂಥದ್ದನ್ನು ಮೊದಲೇ ಕೊಳ್ಳಬೇಕು.

ನಾಲ್ಕನೆಯದು, ವೈದ್ಯರಾಗಿ ನಾವು ಹಟ ಹಿಡಿಯುವ ಮಾತು. ಉಳಿತಾಯದ ಹೆಸರಿನಲ್ಲಿ ತಾಜಾ ಗಾಳಿಗೆ ಕತ್ತರಿ ಬೇಡ. 2020ರಲ್ಲಿ ಮುಚ್ಚಿದ ಕೋಣೆಯ ಗಾಳಿ ಏನು ಮಾಡಬಲ್ಲದೆಂದು ಕಂಡಿದ್ದೇವೆ, ಬಂಧುಗಳನ್ನು ಕಳೆದುಕೊಂಡ ಮನೆಗಳು ಇಲ್ಲಿಯೂ ಇವೆ. ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುವ ಸಾಧನಗಳಿವೆ. ನಮ್ಮ ಮೂಗು ಚಳಿಯಲ್ಲಿ ದಿನವೂ ಮಾಡುವ ಕೆಲಸವೇ ಅದು.

ಕೊನೆಯದಾಗಿ, ಬಾಗಿಲ ಬಳಿ ಎಲ್ಲರಿಗೂ ಕಾಣುವಂತೆ ಒಂದು ಸಣ್ಣ ಪರದೆ ಇರಲಿ. ಇವತ್ತು ಎಷ್ಟು ವಿದ್ಯುತ್ತು ಬಳಸಿದೆವು ಎಂದು ಅದು ಕನ್ನಡದ ಅಂಕಿಗಳಲ್ಲಿ ತೋರಿಸಲಿ. ಭಾನುವಾರದ ಮಕ್ಕಳು ಅದನ್ನು ಓದಿ ಬರೆದಿಡಲಿ. ಕನ್ನಡದ ಅಂಕಿಯೂ ಬಂತು, ಲೆಕ್ಕವೂ ಬಂತು.

ಇದಕ್ಕೆಲ್ಲ ಮೊದಲಿಗೆ ಹೆಚ್ಚು ಹಣ ಬೇಕು, ನಿಜ. ಹಿರಿಯ ಸದಸ್ಯರು ಕೆಲವರು, "ಡಾಕ್ಟ್ರೇ, ಮೊದಲು ಕಟ್ಟಡ ಏಳಲಿ, ಆಮೇಲೆ ಇದನ್ನೆಲ್ಲ ಸೇರಿಸೋಣ" ಎನ್ನುತ್ತಾರೆ. ಇಪ್ಪತ್ತು ಮೂವತ್ತು ವರ್ಷ ತಮ್ಮ ಮನೆಗಳ ಗರಾಜುಗಳಲ್ಲಿ ಸಂಘದ ಪಾತ್ರೆ ಪರದೆಗಳನ್ನು ಕಾದಿಟ್ಟವರು ಅವರು, ಅವರ ಆತುರ ನಮಗೆ ಅರ್ಥವಾಗುತ್ತದೆ. ಸೌರಫಲಕ, ಪರದೆ ಇಂಥವನ್ನು ಆಮೇಲೆ ಸೇರಿಸಬಹುದು, ಅದಕ್ಕೊಂದು ಸುತ್ತುನಿಧಿ ಇಡೋಣ. ಆದರೆ ಗೋಡೆಯೊಳಗೆ ಹೋಗಬೇಕಾದದ್ದು ಗೋಡೆ ಮುಚ್ಚುವ ಮೊದಲೇ ಹೋಗಬೇಕು. ಹೊಲಿಗೆ ಹಾಕಿ ಮುಗಿಸಿದ ಮೇಲೆ ಮತ್ತೆ ಹೊಟ್ಟೆ ಕೊಯ್ಯುವುದು ಎಷ್ಟು ದುಬಾರಿ ಎಂದು ನಮ್ಮನ್ನು ಕೇಳಿ! ಕಮಾನಿಗೆ ಮುಂದಿನ ವರ್ಷವೂ ಚಂದಾ ಎತ್ತಬಹುದು. ಕಮಾನಿಗೆ ದಾನ ಕೊಟ್ಟವರ ಹೆಸರು ಕಲ್ಲಿನಲ್ಲಿ ಕೆತ್ತಿಸುತ್ತೇವೆ, ಇನ್ಸುಲೇಷನ್‌ಗೆ ಕೊಟ್ಟವರ ಹೆಸರು ಯಾರಿಗೂ ಕಾಣುವುದಿಲ್ಲ. ಆದರೂ ಅದಕ್ಕೆ ಕೊಡುವವರು ಈ ಸಭೆಯಲ್ಲಿ ಇದ್ದಾರೆಂದು ನಮಗೆ ನಂಬಿಕೆಯಿದೆ.

ಆದ್ದರಿಂದ ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಅಂದಾಜುಪಟ್ಟಿ ಮಂಡನೆಯಾದಾಗ ಒಂದೇ ಒಂದು ಪ್ರಶ್ನೆ ಕೇಳಿ: "ಈ ಕಟ್ಟಡವನ್ನು ಒಂದು ವರ್ಷ ನಡೆಸಲು ಎಷ್ಟಾಗುತ್ತದೆ?" ಉತ್ತರ ಕೈಗೆ ಬಂದ ಮೇಲೆ ಮತ ಹಾಕಿ. ಜನವರಿಯ ಹಿಮದಲ್ಲೂ ಅ ಆ ಇ ಈ ಕಲಿಯುವ ಕೋಣೆಯ ದೀಪ ಆರಿಸಬೇಕಾಗಿ ಬಾರದಂಥ ಕಟ್ಟಡ ಕಟ್ಟೋಣ.

 ಅಡುಗೆಮನೆಯಿಂದ ಒಗ್ಗರಣೆಯ ಪರಿಮಳ ಬರುತ್ತಿದೆ, ಇನ್ನು ನಾವು ಮಾತು ನಿಲ್ಲಿಸುವುದೇ ಆರೋಗ್ಯಕರ.  ಸಿರಿಗನ್ನಡಂ ಗೆಲ್ಗೆ!